ರಾಕ್ಸ್ ಡಿಸ್ಟ್ರಿಕ್ಟ್‌ನ ಸಿರಾ: ನೆಲದ ಸೊಗಡು ಎಷ್ಟು, ಕೈಗುಣ ಎಷ್ಟು?

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದೇನೆ. ಈಚೆಗೆ ವಾಲಾ ವಾಲಾ ಕಣಿವೆಗೆ ಹೋಗಿ ನಾಲ್ಕು ಬಾಟಲಿ ಸಿರಾ (ಕಪ್ಪು ದ್ರಾಕ್ಷಿಯ ಒಂದು ತಳಿ) ವೈನ್ ತಂದೆ. ಎರಡು ಮಿಲ್ಟನ್-ಫ್ರೀವಾಟರ್ ಬಳಿಯ ಕಲ್ಲುನೆಲದ ತೋಟಗಳವು, ಇನ್ನೆರಡು ಅದೇ ಕಣಿವೆಯ ಬೇರೆ ತೋಟಗಳವು. ಕಲ್ಲುನೆಲದ ಒಂದು ವೈನನ್ನು ಅಲ್ಲಿಯೇ ರುಚಿ ನೋಡಿದಾಗ ಹಣ್ಣಿಗಿಂತ ಮಾಂಸ, ಹೊಗೆ ಮತ್ತು ಆಲಿವ್ ನೆನೆಹಾಕಿದ ಉಪ್ಪುನೀರಿನ ವಾಸನೆಯೇ ಮುಂದಾಗಿತ್ತು. ಜೊತೆಗಿದ್ದ ಒಬ್ಬ ಗೆಳೆಯರು ಅದು ಕಲ್ಲಿನ ರುಚಿ ಎಂದರು, ಇನ್ನೊಬ್ಬರು ವೈನ್ ಕೆಟ್ಟಿದೆ ಎಂದರು. ಯಾರ ಮಾತು ಸರಿ? ಈ ನಾಲ್ಕನ್ನೂ ಮನೆಯಲ್ಲಿ ಒಟ್ಟಿಗೆ ಇಟ್ಟು ಹೋಲಿಸುವುದು ಹೇಗೆ? ಕಲ್ಲುನೆಲದ ಎರಡರಲ್ಲಿ ಒಂದರ ಚೀಟಿಯ ಮೇಲೆ "ರಾಕ್ಸ್" ಎಂಬ ಹೆಸರೇ ಇಲ್ಲ. ಮಾರಿದವರು ನನಗೆ ಸುಳ್ಳು ಹೇಳಿದರೇ?

ಉತ್ತರ: ಗೆಳೆಯರಿಬ್ಬರೂ ಅರ್ಧರ್ಧ ಸರಿ ಎಂದರೆ ಜಾರಿಕೊಳ್ಳುವ ಉತ್ತರದಂತೆ ಕಾಣಬಹುದು, ಆದರೆ ಈ ಒಂದು ನೆಲದ ಮಟ್ಟಿಗೆ ಅದೇ ನಿಜಕ್ಕೆ ಹತ್ತಿರ. ನೀವು ಮೂಸಿದ ಮಾಂಸ, ಹೊಗೆ, ಆಲಿವ್‌ಗಳ ವಾಸನೆ ಮಿಲ್ಟನ್-ಫ್ರೀವಾಟರ್ ಬಳಿಯ ಆ ಕಲ್ಲುನೆಲದ, ಅಂದರೆ ರಾಕ್ಸ್ ಡಿಸ್ಟ್ರಿಕ್ಟ್‌ನ ಸಿರಾಕ್ಕೆ ಹೆಸರು ತಂದುಕೊಟ್ಟ ಗುಣವೇ ಹೌದು. ಅದೇ ವಾಸನೆಗಳ ಮರೆಯಲ್ಲಿ ಎರಡು ಮೂರು ಬಗೆಯ ದೋಷಗಳೂ ಅಡಗಿ ಕೂರಬಲ್ಲವು ಎಂಬುದೂ ಅಷ್ಟೇ ನಿಜ, ಮತ್ತು ಅಲ್ಲಿಯ ವೈನ್‌ನ ರಾಸಾಯನಿಕ ಸ್ವಭಾವ ಆ ದೋಷಗಳಿಗೆ ಉಳಿದೆಡೆಗಿಂತ ಹೆಚ್ಚು ಆಸ್ಪದ ಕೊಡುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಜನ "ಕಲ್ಲಿನ ರುಚಿ" ಎಂದು ಕರೆಯುವುದರಲ್ಲಿ ಒಂದು ಪಾಲು ಮಾತ್ರ ನೆಲದ್ದು, ಉಳಿದದ್ದು ವೈನ್ ಮಾಡಿದವರ ಕೈಗುಣ. ಇವೆರಡನ್ನು ಬಿಡಿಸಿ ನೋಡುವುದೇ ಹೋಲಿಕೆಯ ಉದ್ದೇಶವಾಗಿದ್ದರೆ, ಯಾವ ಬಾಟಲಿಯ ಪಕ್ಕದಲ್ಲಿ ಯಾವುದನ್ನು ಇಡುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಮೊದಲು ನೆಲವನ್ನು ನೋಡೋಣ. ವಾಲಾ ವಾಲಾ ಕಣಿವೆ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ಗಡಿಯ ಎರಡೂ ಬದಿಗೆ ಚಾಚಿಕೊಂಡಿದೆ. ದ್ರಾಕ್ಷಿ ಬೆಳೆಯುವ ಪ್ರದೇಶವೆಂದು ಅದಕ್ಕೆ ಅಧಿಕೃತ ಮಾನ್ಯತೆ ದೊರೆತದ್ದು 1984ರಲ್ಲಿ. ಕಣಿವೆಯ ಬಹುಪಾಲು ತೋಟಗಳಿರುವುದು ಗಾಳಿ ಹೊತ್ತು ತಂದು ಸುರಿದ ನುಣುಪಾದ ಧೂಳುಮಣ್ಣಿನ ಮೇಲೆ; ಭೂವಿಜ್ಞಾನಿಗಳು ಇದನ್ನು ಲೋಯಸ್ ಎನ್ನುತ್ತಾರೆ. ತಗ್ಗಿನ ಜಾಗಗಳಲ್ಲಿ ಅದರ ಅಡಿಗೆ, ಹಿಮಯುಗದ ಕೊನೆಗಾಲದಲ್ಲಿ ಮಿಸೌಲಾ ಸರೋವರದ ಹಿಮದ ಕಟ್ಟೆ ಮತ್ತೆ ಮತ್ತೆ ಒಡೆದಾಗ ನುಗ್ಗಿ ಬಂದ ಪ್ರವಾಹಗಳು ಬಿಟ್ಟುಹೋದ ಹೂಳಿನ ಪದರಗಳಿವೆ. ಆರೆಗಾನ್ ಬದಿಯ ಮಿಲ್ಟನ್-ಫ್ರೀವಾಟರ್ ಪಟ್ಟಣದ ಬಳಿ ಮಾತ್ರ ನೆಲದ ಬಗೆಯೇ ಬೇರೆ. ಬ್ಲೂ ಮೌಂಟನ್ಸ್ ಬೆಟ್ಟಗಳಿಂದ ಇಳಿದು ಬರುವ ವಾಲಾ ವಾಲಾ ನದಿ, ಇಕ್ಕಟ್ಟಾದ ಕಂದರದಿಂದ ಬಯಲಿಗೆ ಕಾಲಿಟ್ಟ ಕೂಡಲೇ ವೇಗ ಕಳೆದುಕೊಂಡು, ಉರುಳಿಸಿ ತಂದ ಕಲ್ಲುಗಳನ್ನೆಲ್ಲ ಬೀಸಣಿಗೆಯ ಆಕಾರದಲ್ಲಿ ಹರಡಿಬಿಟ್ಟಿದೆ. ಸುಮಾರು 1.6 ಕೋಟಿ ವರ್ಷಗಳ ಹಿಂದೆ ಈ ಸೀಮೆಯನ್ನೆಲ್ಲ ಮುಳುಗಿಸಿದ ಲಾವಾ ಗಟ್ಟಿಯಾಗಿ ಉಂಟಾದ ಬಸಾಲ್ಟ್ ಶಿಲೆಯ ಚೂರುಗಳೇ ಈ ಕಲ್ಲುಗಳು. ಮುಷ್ಟಿ ಗಾತ್ರದಿಂದ ತಲೆಯ ಗಾತ್ರದವರೆಗಿನ, ನೀರಿನಲ್ಲಿ ಹೊರಳಿ ಉರುಟಾದ ಕಪ್ಪು ಗುಂಡುಕಲ್ಲುಗಳ ನಡುವೆ ಬಳ್ಳಿ ನಿಂತಿರುವುದನ್ನು ಮೊದಲ ಬಾರಿ ಕಂಡವರಿಗೆ, ಇಲ್ಲಿ ಬೇರು ಇಳಿಯುವುದಾದರೂ ಎಲ್ಲಿಗೆ ಎಂಬ ಅನುಮಾನ ಬರದೇ ಇರದು. ಅಗೆದು ನೋಡಿದರೆ ಕಲ್ಲುಗಳ ಸಂದಿಯಲ್ಲಿ ಹೂಳುಮಣ್ಣು ಇದ್ದೇ ಇದೆ, ಆದರೆ ನೀರು ಅದರಲ್ಲಿ ನಿಲ್ಲುವುದಿಲ್ಲ; ಆದ್ದರಿಂದ ಇಲ್ಲಿ ಹನಿ ನೀರಾವರಿ ಇಲ್ಲದೆ ಬೆಳೆಯಾಗುವುದು ಕಷ್ಟ.

ಈ ಜಾಗದಲ್ಲಿ ಬಹುಕಾಲ ಇದ್ದದ್ದು ಸೇಬು, ಚೆರಿ, ಪ್ಲಮ್ ತೋಟಗಳು. ಫ್ರಾನ್ಸಿನ ಶಾಂಪೇನ್ ಸೀಮೆಯ ದ್ರಾಕ್ಷಿ ಬೆಳೆಗಾರರ ಮನೆತನದಿಂದ ಬಂದ ಕ್ರಿಸ್ಟೋಫ್ ಬರೋನ್ 1996ರಲ್ಲಿ ಈ ಕಲ್ಲುಗಳನ್ನು ಕಂಡು, ತಮ್ಮ ದೇಶದ ರೋನ್ ನದಿಯ ಸೀಮೆಯ ದಕ್ಷಿಣ ಭಾಗವಾದ ದಕ್ಷಿಣ ರೋನ್‌ನ ಶಾತೋನ್ಯೂಫ್-ದು-ಪಾಪ್‌ನ ನೆಲವನ್ನು ನೆನೆದು, ಮರುವರ್ಷವೇ ತಮ್ಮ ಮೊದಲ ತೋಟವನ್ನು ನೆಟ್ಟರು. ಅವರು ಕಟ್ಟಿದ ಕೈಯೂಸ್ ವಿನ್ಯಾರ್ಡ್ಸ್ ಈ ಸೀಮೆಯ ಸಿರಾಕ್ಕೆ ಹೊರಗಿನ ಗಮನ ತಂದಿತು. ಆ ಮೊದಲ ತೋಟದ ಹೆಸರು ಕಾಯೂ, ಅಂದರೆ ಫ್ರೆಂಚ್ ಭಾಷೆಯಲ್ಲಿ ಕಲ್ಲುಗಳು. ವಾಲಾ ವಾಲಾದ ವಿಟ್‌ಮನ್ ಕಾಲೇಜಿನ ಭೂವಿಜ್ಞಾನಿ ಕೆವಿನ್ ಪೋಗ್ ಸಿದ್ಧಪಡಿಸಿದ ಅರ್ಜಿಯ ಆಧಾರದ ಮೇಲೆ 2015ರಲ್ಲಿ "ದಿ ರಾಕ್ಸ್ ಡಿಸ್ಟ್ರಿಕ್ಟ್ ಆಫ್ ಮಿಲ್ಟನ್-ಫ್ರೀವಾಟರ್" ಎಂಬ ಪ್ರತ್ಯೇಕ ಪ್ರದೇಶ ಅಧಿಕೃತವಾಯಿತು. ಇದರ ಒಟ್ಟು ವಿಸ್ತಾರ ಸುಮಾರು 3,770 ಎಕರೆ ಮಾತ್ರ. ಅಮೆರಿಕದ ಬಹುತೇಕ ದ್ರಾಕ್ಷಿ ಪ್ರದೇಶಗಳ ಗಡಿಯನ್ನು ರಸ್ತೆ, ಬೆಟ್ಟದ ಸಾಲು, ಎತ್ತರದ ರೇಖೆ, ಹವೆ ಹೀಗೆ ಹಲವನ್ನು ಬೆರೆಸಿ ಎಳೆದಿರುತ್ತಾರೆ. ಇಲ್ಲಿ ಒಂದೇ ಭೂರೂಪ ಮತ್ತು ಹೆಚ್ಚುಕಡಿಮೆ ಒಂದೇ ವರ್ಗದ ಮಣ್ಣನ್ನು ಹಿಡಿದು ಗಡಿ ಎಳೆಯಲಾಗಿದೆ. ಹೋಲಿಸಿ ಸವಿಯುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಗಡಿಯ ಒಳಗಿನದಕ್ಕೂ ಹೊರಗಿನದಕ್ಕೂ ಮಣ್ಣಿನಲ್ಲಿ ನಿಜವಾದ ವ್ಯತ್ಯಾಸವಿದೆ.

ಹಾಗಾದರೆ ಕಲ್ಲಿನ ರುಚಿ ವೈನ್‌ಗೆ ಇಳಿಯುತ್ತದೆಯೇ? ನೇರವಾಗಿ ಇಳಿಯುವುದಿಲ್ಲ. ಬಸಾಲ್ಟ್ ನೀರಿನಲ್ಲಿ ಕರಗುವ ವಸ್ತುವಲ್ಲ, ಅದಕ್ಕೆ ನಾಲಿಗೆಗೆ ತಿಳಿಯುವಂಥ ರುಚಿಯೂ ಇಲ್ಲ. ಬೇರು ಹೀರುವುದು ಕರಗಿದ ಅಯಾನುಗಳನ್ನೇ ಹೊರತು ಶಿಲೆಯನ್ನಲ್ಲ. ಕಲ್ಲಿನ ಪ್ರಭಾವ ಬರುವುದು ಸುತ್ತುದಾರಿಯಲ್ಲಿ. ಕಪ್ಪು ಕಲ್ಲು ಹಗಲಿನ ಬಿಸಿಲನ್ನು ಹೀರಿ ಕಾಯುತ್ತದೆ, ಹೊತ್ತು ಮುಳುಗಿದ ಮೇಲೂ ಆ ಕಾವನ್ನು ನೆಲದ ಹತ್ತಿರ ತೂಗುವ ಗೊಂಚಲುಗಳಿಗೆ ಬಿಟ್ಟುಕೊಡುತ್ತದೆ. ಗೊಂಚಲು ಬೆಚ್ಚಗಿದ್ದಷ್ಟೂ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಬೇಗ ಕರಗಿಹೋಗುತ್ತದೆ. ಇನ್ನೊಂದು ಕಡೆ, ಬಳ್ಳಿ ಹೆಚ್ಚು ಪೊಟ್ಯಾಸಿಯಂ ಹೀರಿಕೊಂಡರೆ ಅದು ಹಣ್ಣಿನ ಟಾರ್ಟಾರಿಕ್ ಆಮ್ಲದ ಹುಳಿಯನ್ನು ಮುರಿಯುತ್ತದೆ. ಕಾರಣಗಳಲ್ಲಿ ಯಾವುದರ ಪಾಲು ಎಷ್ಟೇ ಇರಲಿ, ಪರಿಣಾಮ ಮಾತ್ರ ಕಣ್ಣಿಗೆ ಕಾಣುವಂಥದ್ದು: ಸಾಮಾನ್ಯ ಕೆಂಪು ವೈನ್‌ನ ಪಿಎಚ್ (ಹುಳಿಯ ಬಲದ ಅಳತೆ; ಹುಳಿ ತಗ್ಗಿದಷ್ಟೂ ಈ ಅಂಕಿ ಏರುತ್ತದೆ) 3.5ರಿಂದ 3.8ರ ನಡುವೆ ಇರುವುದು ವಾಡಿಕೆಯಾದರೆ, ಈ ಕಲ್ಲುನೆಲದ ಸಿರಾದಲ್ಲಿ ಅದು 4ರ ಆಸುಪಾಸಿಗೆ ಹೋಗುವುದು ಅಪರೂಪವೇನಲ್ಲ. ನನ್ನ ಅಭಿಪ್ರಾಯದಲ್ಲಿ ಈ ನೆಲದ ವೈನ್ ಅರ್ಥವಾಗಬೇಕಾದರೆ ಕಲ್ಲಿನ ಬಣ್ಣನೆಯನ್ನು ಬದಿಗಿಟ್ಟು ಈ ಒಂದು ಅಂಕಿಯನ್ನು ಹಿಡಿದು ಹೊರಡಬೇಕು.

ಪಿಎಚ್ ಏರಿದರೆ ಗ್ಲಾಸಿನಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ನೀವೇ ಗುರುತಿಸಬಹುದು. ಬಣ್ಣದಿಂದ ಆರಂಭಿಸಿ. ದ್ರಾಕ್ಷಿ ಸಿಪ್ಪೆಯ ಬಣ್ಣದ ದ್ರವ್ಯ ಹುಳಿ ಹೆಚ್ಚಿರುವಲ್ಲಿ ಕೆಂಪಾಗಿ ಹೊಳೆಯುತ್ತದೆ, ಹುಳಿ ತಗ್ಗಿದಂತೆ ನೇರಳೆ ಮತ್ತು ನೀಲಿಯತ್ತ ವಾಲಿ ಸ್ವಲ್ಪ ಮಂಕಾಗುತ್ತದೆ. ಒಂದೇ ವರ್ಷದ ಎರಡು ಸಿರಾಗಳನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚನ್ನು ನೋಡಿದರೆ ಈ ಭೇದ ಹಲವು ಸಲ ಕಾಣುತ್ತದೆ. ಬಾಯಲ್ಲಿ ಹುಳಿಯ ಚುರುಕು ತಗ್ಗಿರುವುದರಿಂದ ಒಗರು ಕೂಡ ಮೊನೆ ಕಳೆದುಕೊಂಡು, ವೈನ್ ಮೆತ್ತಗೆ, ಹೆಚ್ಚುಕಡಿಮೆ ಎಣ್ಣೆಯಂತೆ ನಾಲಿಗೆಯ ಮೇಲೆ ಹರಡಿಕೊಳ್ಳುತ್ತದೆ. ಹುಳಿ ಹಿಂದೆ ಸರಿದ ಜಾಗದಲ್ಲಿ ಉಪ್ಪಿನಂಥ, ಮಾಂಸದ ಸಾರಿನಂಥ ಅನುಭವ ಮುಂದೆ ಬರುತ್ತದೆ. ಎಳೆಯದಾಗಿರುವಾಗಲೇ ಈ ವೈನ್‌ಗಳು ಇಷ್ಟವಾಗುವುದಕ್ಕೂ, ತೀಕ್ಷ್ಣವಾದ ಹುಳಿ ಬಯಸುವವರಿಗೆ ಇವು ಸಪ್ಪೆ ಎನ್ನಿಸುವುದಕ್ಕೂ ಕಾರಣ ಇದೇ.

ಇದರ ಇನ್ನೊಂದು ಮುಖವೇ ನಿಮ್ಮ ಎರಡನೆಯ ಗೆಳೆಯರ ಸಂದೇಹಕ್ಕೆ ಸಂಬಂಧಿಸಿದ್ದು. ವೈನನ್ನು ಸೂಕ್ಷ್ಮಜೀವಿಗಳಿಂದ ಕಾಪಾಡಲು ಬಳಸುವ ಸಲ್ಫರ್ ಡೈಆಕ್ಸೈಡ್‌ನಲ್ಲಿ ನಿಜವಾಗಿ ಕೆಲಸ ಮಾಡುವ ಅಂಶ ಪಿಎಚ್ 3.5ರಲ್ಲಿ ಶೇಕಡಾ 2ರಷ್ಟು ಇದ್ದರೆ, 4.0ರಲ್ಲಿ ಶೇಕಡಾ 0.6ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ರಕ್ಷಣೆ ಬೇಕಾದರೆ ಮೂರು ಪಟ್ಟು ಹಾಕಬೇಕು, ಹಾಗೆ ಹಾಕಲು ಯಾರೂ ಇಷ್ಟಪಡುವುದಿಲ್ಲ. ಈ ಸಡಿಲ ಕಾವಲಿನಲ್ಲಿ ನುಸುಳಲು ಕಾದಿರುವುದು ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟ್. ವೈನ್ ಲೋಕದವರು ಸಲುಗೆಯಿಂದ ಬ್ರೆಟ್ ಎನ್ನುತ್ತಾರೆ. ಕುದುರೆ ಲಾಯ, ಗಾಯಕ್ಕೆ ಅಂಟಿಸುವ ಪಟ್ಟಿ, ಹಳೆಯ ತೊಗಲು, ಕೆಲವೊಮ್ಮೆ ಹೊಗೆಯಾಡಿಸಿದ ಮಾಂಸ ಎಲ್ಲ ಅದು ಬಿಟ್ಟುಹೋಗುವ ವಾಸನೆಗಳೇ. ನೆಲದ ಗುಣವೆಂದು ಹೊಗಳಿಸಿಕೊಳ್ಳುವ ಪದಗಳಿಗೂ ಇವಕ್ಕೂ ಎಷ್ಟು ಹತ್ತಿರದ ನಂಟು ಎಂಬುದನ್ನು ಗಮನಿಸಿ.

ಇನ್ನು ಕೈಗುಣದ ಮಾತು. ಸಿರಾ ಮಾಡುವವರು ಗೊಂಚಲಿನಿಂದ ಹಣ್ಣನ್ನು ಬಿಡಿಸಿ ಹುದುಗಲು ಹಾಕಬಹುದು, ಇಲ್ಲವೇ ಕಡ್ಡಿ ತೊಟ್ಟುಗಳ ಸಮೇತ ಇಡೀ ಗೊಂಚಲನ್ನೇ ಹಾಕಬಹುದು. ಇಡೀ ಗೊಂಚಲು ಬಿದ್ದಾಗ ವೈನ್‌ಗೆ ಒಣಗಿದ ಗಿಡಮೂಲಿಕೆ, ಚಹಾ ಎಲೆ, ಮೆಣಸು, ಹಸಿರು ಆಲಿವ್‌ಗಳ ನೆನಪು ತರುವ ವಾಸನೆ ಸೇರುತ್ತದೆ. ತೊಟ್ಟಿನೊಳಗಿನ ಪೊಟ್ಯಾಸಿಯಂ ಕೂಡ ಸೇರಿ ಪಿಎಚ್ ಇನ್ನಷ್ಟು ಏರುತ್ತದೆ. ಹೊರಗಿನ ಯೀಸ್ಟ್ ಹಾಕದೆ ಹಣ್ಣಿನ ಜೊತೆ ಬಂದದ್ದನ್ನೇ ನಂಬುವುದು, ಹೊಸ ಓಕ್ ಪೀಪಾಯಿಯ ಬದಲು ಹಳೆಯದರಲ್ಲಿ ಮಾಗಿಸುವುದು, ಮಾಗುವಾಗ ಗಾಳಿ ಸೋಕದಂತೆ ನೋಡಿಕೊಳ್ಳುವುದು, ಬಿಳಿ ದ್ರಾಕ್ಷಿಯಾದ ವಿಯೋನ್ಯೇಯನ್ನು ಸ್ವಲ್ಪ ಸೇರಿಸಿ ಒಟ್ಟಿಗೆ ಹುದುಗಿಸುವುದು ಮುಂತಾದ ಆಯ್ಕೆಗಳೆಲ್ಲ ಹಣ್ಣಿನ ಸಿಹಿಯನ್ನು ಹಿಂದಕ್ಕೆ ತಳ್ಳಿ ಹೂವು, ಹೊಗೆ, ಮಾಂಸಗಳ ಬದಿಯನ್ನು ಮುಂದಕ್ಕೆ ತರಬಲ್ಲವು. ರಾಕ್ಸ್ ಡಿಸ್ಟ್ರಿಕ್ಟ್‌ನಲ್ಲಿ ಆರಂಭದಲ್ಲಿ ಹೆಸರು ಮಾಡಿದವರಲ್ಲಿ ಹಲವರು ಉತ್ತರ ರೋನ್‌ನ ಮಾದರಿಯನ್ನು ಮೆಚ್ಚಿದವರು, ಇಂಥ ಆಯ್ಕೆಗಳತ್ತಲೇ ಒಲಿದವರು. ಹಾಗಾಗಿ ನಾವು ಈ ನೆಲದ ಸಹಿ ಎಂದು ಕಲಿತದ್ದರಲ್ಲಿ ಅವರ ಕೈಬರಹವೂ ಬೆರೆತುಹೋಗಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಯಾವುದೇ ಹಳೆಯ ದ್ರಾಕ್ಷಿ ಸೀಮೆಯಲ್ಲೂ ಹೀಗೆಯೇ ಆಗಿರುತ್ತದೆ. ಬೇರೆಡೆ ಅದು ನೂರಾರು ವರ್ಷಗಳ ಹಿಂದೆ ನಡೆದಿರುವುದರಿಂದ ನಮಗೆ ಕಾಣುವುದಿಲ್ಲ, ಇಲ್ಲಿ ನಮ್ಮ ಕಣ್ಣೆದುರೇ ನಡೆದಿದೆ.

ಆದ್ದರಿಂದ ನಿಮ್ಮ ನಾಲ್ಕು ಬಾಟಲಿಗಳನ್ನು ತೆರೆಯುವ ಮೊದಲು ಅವನ್ನು ಮಾಡಿದವರು ಯಾರು ಎಂದು ನೋಡಿಕೊಳ್ಳಿ. ನಾಲ್ಕು ತೋಟ, ನಾಲ್ಕು ಕೈ, ನಾಲ್ಕು ವರ್ಷಗಳಾದರೆ ನಿಮಗೆ ನಾಲ್ಕು ವೈನ್‌ಗಳ ಪರಿಚಯವಾಗುತ್ತದೆಯೇ ಹೊರತು ನೆಲದ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಡುವುದು ಕ್ರಮ. ಎಲ್ಲಕ್ಕಿಂತ ಬೆಲೆಬಾಳುವ ಜೋಡಿ ಎಂದರೆ ಒಬ್ಬರೇ ಮಾಡಿದ, ಒಂದೇ ವರ್ಷದ, ಎರಡು ನೆಲಗಳ ಸಿರಾ. ಉದಾಹರಣೆಗೆ ರೇನ್‌ವಾನ್ ಕುಟುಂಬಕ್ಕೆ ಕಲ್ಲುನೆಲದಲ್ಲಿ "ಇನ್ ದಿ ರಾಕ್ಸ್" ಎಂಬ ತೋಟವೂ, ಬ್ಲೂ ಮೌಂಟನ್ಸ್‌ನ ಅಡಿಗುಡ್ಡಗಳ ಎತ್ತರದಲ್ಲಿ "ಫುಟ್‌ಹಿಲ್ಸ್ ಇನ್ ದಿ ಸನ್" ಎಂಬ ತೋಟವೂ ಇವೆ. ಎರಡರ ಸಿರಾವನ್ನೂ ಪಕ್ಕಪಕ್ಕದಲ್ಲಿಟ್ಟರೆ ಕೈ ಒಂದೇ ಆಗಿರುವುದರಿಂದ ಉಳಿಯುವ ವ್ಯತ್ಯಾಸದಲ್ಲಿ ಹೆಚ್ಚಿನದು ನೆಲ ಮತ್ತು ಎತ್ತರದ್ದು. ಇದಕ್ಕೆ ತಿರುಗುಮುರುಗಾದ ಜೋಡಿಯೂ ಬೇಕು: ಒಂದೇ ತೋಟದ ಹಣ್ಣಿನಿಂದ ಇಬ್ಬರು ಬೇರೆ ಬೇರೆಯಾಗಿ, ಒಬ್ಬರು ಇಡೀ ಗೊಂಚಲು ಹಾಕಿ, ಇನ್ನೊಬ್ಬರು ತೊಟ್ಟು ಬಿಡಿಸಿ ಮಾಡಿದ ವೈನ್. ಮೊದಲ ಜೋಡಿಯಲ್ಲಿ ಬದಲಾಗಿಯೂ ಎರಡನೆಯದರಲ್ಲಿ ಬದಲಾಗದೆ ಉಳಿದ ಗುಣ ಯಾವುದೋ ಅದು ನೆಲದ್ದೆಂದು ಹೇಳಲು ನಿಮಗೆ ಆಧಾರ ಸಿಕ್ಕಂತೆ. ನಾನು ಹೀಗೆ ನೋಡಿದಾಗೆಲ್ಲ ಕೈ ಬದಲಾದರೂ ಉಳಿದುಕೊಂಡದ್ದು ವಾಸನೆಗಿಂತ ಹೆಚ್ಚಾಗಿ ಬಾಯಿಗೆ ಸಿಗುವ ಮೆತ್ತನೆಯ ಗುಣ ಮತ್ತು ಉಪ್ಪಿನ ಛಾಯೆ. ಹೊಗೆ, ಆಲಿವ್‌ಗಳು ಮಾಡಿದವರಿಂದ ಮಾಡಿದವರಿಗೆ ಏರಿಳಿಯುತ್ತಿದ್ದವು. ನಿಮ್ಮ ಅನುಭವ ಬೇರೆಯಾದರೆ ನಿಮ್ಮದನ್ನೇ ನಂಬಿ.

ವರ್ಷದ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಕಲ್ಲಿನ ಬೀಸಣಿಗೆ ಕಣಿವೆಯ ತಳದಲ್ಲಿದೆ, ಚಳಿಗಾಲದಲ್ಲಿ ಭಾರವಾದ ತಣ್ಣನೆಯ ಗಾಳಿ ಬಂದು ತಂಗುವುದೂ ಅಲ್ಲಿಯೇ. 2004ರ ಜನವರಿಯಂಥ ಕೊರೆಯುವ ಚಳಿ ಬಂದಾಗ ಬಳ್ಳಿಗಳು ನೆಲಮಟ್ಟದವರೆಗೆ ಸಾಯುತ್ತವೆ. ಅದಕ್ಕಾಗಿಯೇ ಕೆಲವು ಬೆಳೆಗಾರರು ಪ್ರತಿ ವರ್ಷ ಬಳ್ಳಿಯ ಒಂದೆರಡು ಕಡ್ಡಿಗಳನ್ನು ಮಣ್ಣಿನಡಿ ಹೂತಿಡುತ್ತಾರೆ. ಸತ್ತ ಬಳ್ಳಿ ಬುಡದಿಂದ ಚಿಗುರಿ ಮತ್ತೆ ಫಸಲು ಕೊಡುವಾಗಿನ ವೈನ್ ಅದೇ ತೋಟದ ಮಾಮೂಲು ವೈನ್‌ನಂತಿರಬೇಕೆಂದಿಲ್ಲ. ವರ್ಷ ಬೇರೆಯಾದ ಬಾಟಲಿಗಳನ್ನು ಹೋಲಿಸಬೇಡಿ ಎನ್ನುವುದಿಲ್ಲ, ಅದರಿಂದ ನೆಲದ ಬಗ್ಗೆ ತೀರ್ಪು ಕೊಡಬೇಡಿ.

ಸವಿಯುವ ದಿನದ ಏರ್ಪಾಡು ಸರಳವಾಗಿರಲಿ. ನಾಲ್ಕಕ್ಕೂ ಒಂದೇ ಆಕಾರದ ಗ್ಲಾಸ್, ಪ್ರತಿಯೊಂದರಲ್ಲೂ 40ರಿಂದ 50 ಮಿಲಿಲೀಟರ್, ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್. ಇದು ಮುಖ್ಯ, ಏಕೆಂದರೆ ಹುಳಿ ಕಡಿಮೆಯಿರುವ ವೈನ್ ಬೆಚ್ಚಗಾದರೆ ಮದ್ಯದ ಉರಿ ಮತ್ತು ಜಿಗಟು ಎದ್ದು ಕಾಣುತ್ತವೆ, ತಪ್ಪು ನೆಲದ ಮೇಲೆ ಬೀಳುತ್ತದೆ. ಬಾಟಲಿಗಳನ್ನು ಕಾಗದದ ಚೀಲದಲ್ಲಿ ಮುಚ್ಚಿ, ಬೇರೊಬ್ಬರಿಂದ ಸುರಿಸಿ, ಗ್ಲಾಸಿಗೆ ಅಂಕಿ ಮಾತ್ರ ಬರೆಯಿಸಿ. ಕಲ್ಲುನೆಲದ್ದು ಯಾವುದೆಂದು ಗೊತ್ತಿದ್ದರೆ ಮೂಗು ಮಾಂಸವನ್ನು ತಾನೇ ಹುಡುಕಿ ಹಿಡಿಯುತ್ತದೆ. ಈ ವಿಷಯದಲ್ಲಿ ನನ್ನ ಮೂಗನ್ನೂ ನಾನು ನಂಬುವುದಿಲ್ಲ. ಉಗುಳಲು ಒಂದು ಪಾತ್ರೆ ಇಟ್ಟುಕೊಳ್ಳಿ. ನುಂಗುತ್ತ ಹೋದರೆ ಮೂರನೆಯ ಗ್ಲಾಸಿನ ಹೊತ್ತಿಗೆ ಎಲ್ಲ ವೈನೂ ಒಳ್ಳೆಯದೇ.

ಎಲ್ಲ ಗ್ಲಾಸುಗಳನ್ನೂ ಮೊದಲು ಮೂಸಿ ಮುಗಿಸಿ, ಅನಂತರ ಮಾತ್ರ ಬಾಯಿಗೆ ಹಾಕಿ. ಸುರಿದ ತಕ್ಷಣ ಒಂದು ಸುತ್ತು, ಒಂದು ಗಂಟೆಯ ಬಳಿಕ ಇನ್ನೊಂದು, ಉಳಿದ ವೈನನ್ನು ಬಿರಡೆ ಹಾಕಿ ತಂಪಾದ ಕಡೆ ಇಟ್ಟು ಮರುದಿನ ಮತ್ತೊಂದು. ಈ ಮೂರು ಸುತ್ತುಗಳೇ ನಿಮ್ಮ ಗೆಳೆಯರ ಜಗಳವನ್ನು ತೀರಿಸುವುದು, ಏಕೆಂದರೆ ಒಂದೇ ಬಗೆಯಲ್ಲಿ ಕಾಣುವ ನಾಲ್ಕು ವಾಸನೆಗಳು ಗಾಳಿಗೆ ಒಡ್ಡಿದಾಗ ನಾಲ್ಕು ದಾರಿ ಹಿಡಿಯುತ್ತವೆ. ಗಾಳಿಯ ಕೊರತೆಯಿಂದ ಹುಟ್ಟಿದ ಗಂಧಕದ ವಾಸನೆ, ಅಂದರೆ ಕಡ್ಡಿ ಗೀರಿದ, ಸುಟ್ಟ ರಬ್ಬರಿನ, ಕೆಲವೊಮ್ಮೆ ಮೊಟ್ಟೆಯ ವಾಸನೆ, ಸಿರಾದಲ್ಲಿ ಬಲು ಸಾಮಾನ್ಯ. ಗ್ಲಾಸನ್ನು ತಿರುಗಿಸುತ್ತ ಹೋದರೆ ಅಥವಾ ಡಿಕ್ಯಾಂಟರಿಗೆ (ವೈನ್‌ಗೆ ಗಾಳಿ ತಾಗಿಸುವ ಗಾಜಿನ ಹೂಜಿ) ಬಗ್ಗಿಸಿದರೆ ಅದು ಗಂಟೆಯೊಳಗೆ ಬಹುಮಟ್ಟಿಗೆ ಹಾರಿಹೋಗುತ್ತದೆ. ಬ್ರೆಟ್‌ನ ವಾಸನೆ ಹಾರುವುದಿಲ್ಲ. ಹೊತ್ತು ಕಳೆದಂತೆ ಹಣ್ಣು ಸೋತು ಅದೇ ಉಳಿಯುತ್ತದೆ, ನುಂಗಿದ ಮೇಲೆ ಬಾಯಿ ಲೋಹ ನೆಕ್ಕಿದಂತೆ ಒಣಗುತ್ತದೆ. ಕಾಳ್ಗಿಚ್ಚಿನ ಹೊಗೆ ತಾಗಿದ ಹಣ್ಣಿನ ವೈನ್ ಇನ್ನೂ ಮೋಸಗಾರ: ಮೂಗಿಗೆ ಸ್ವಲ್ಪವೇ ತಿಳಿದು, ನುಂಗಿದ ಅರ್ಧ ನಿಮಿಷಕ್ಕೆ ಗಂಟಲಿನ ಹಿಂದೆ ಆರಿದ ಬೂದಿಯ ರುಚಿ ಏರತೊಡಗುತ್ತದೆ, ಏಕೆಂದರೆ ಸಕ್ಕರೆಯೊಂದಿಗೆ ಕಟ್ಟಿಕೊಂಡಿದ್ದ ಹೊಗೆಯ ಅಂಶಗಳು ಬಾಯಿಯ ಜೊಲ್ಲಿನಲ್ಲಿ ಬಿಡಿಸಿಕೊಳ್ಳುತ್ತವೆ. ವಾಷಿಂಗ್ಟನ್, ಆರೆಗಾನ್‌ಗಳಲ್ಲಿ ಬೆಂಕಿಯ ವರ್ಷಗಳು ಈಗ ಹೊಸತಲ್ಲವಾದ್ದರಿಂದ ಇದನ್ನು ತಿಳಿದಿರುವುದು ಒಳ್ಳೆಯದು. ಆದರೆ ಹೊಗೆ ತಾಗದ ಸಿರಾದ ಹಣ್ಣಿನಲ್ಲೂ ಗ್ವಾಯಕಾಲ್ ಎಂಬ ಹೊಗೆಯ ಅಂಶ ಸಹಜವಾಗಿಯೇ ಸ್ವಲ್ಪ ಇರುತ್ತದೆ, ಹಾಗಾಗಿ ಹೊಗೆ ಕಂಡೊಡನೆ ಬೆಂಕಿಯನ್ನು ದೂರಬೇಡಿ. ಕೊನೆಯದಾಗಿ, ನಾವು ಹುಡುಕುತ್ತಿರುವ ಸೊಗಡು. ಅದರ ಗುರುತೆಂದರೆ ಮಾಂಸ, ಆಲಿವ್‌ಗಳ ಜೊತೆಗೆ ನೇರಳೆಬಣ್ಣದ ಹೂವು ಮತ್ತು ಕಪ್ಪು ಹಣ್ಣುಗಳ ಪರಿಮಳವೂ ಜೀವಂತವಾಗಿರುತ್ತದೆ, ಒಂದು ಇನ್ನೊಂದನ್ನು ತುಳಿಯುವುದಿಲ್ಲ, ಮರುದಿನವೂ ಎರಡೂ ಇರುತ್ತವೆ. ಮೊದಲ ಸುತ್ತಿನಲ್ಲಿ ಗೆದ್ದು ಮೂರನೆಯದರಲ್ಲಿ ಕುಸಿದ ವೈನ್‌ಗಳನ್ನು ನಾನು ಬಹಳ ಕಂಡಿದ್ದೇನೆ. ಒಮ್ಮೆ ಇಡೀ ಸಂಜೆ ನೆಲದ ಗುಣವೆಂದು ಹೊಗಳಿದ್ದ ಗ್ಲಾಸನ್ನು ಮರುದಿನ ಮೂಸಿ, ಬರೆದಿಟ್ಟಿದ್ದನ್ನೆಲ್ಲ ಹೊಡೆದುಹಾಕಿದ್ದೂ ಉಂಟು.

ಕಾಳುಮೆಣಸಿನ ವಾಸನೆಯನ್ನು ಬೇರೆಯಾಗಿಯೇ ಗುರುತು ಹಾಕಿಕೊಳ್ಳಿ. ಸಿರಾದ ಮೆಣಸಿನ ಘಮಕ್ಕೆ ಕಾರಣ ರೊಟುಂಡೋನ್ ಎಂಬ ವಸ್ತು ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ನಿಜವಾದ ಕಾಳುಮೆಣಸಿನಲ್ಲೂ ಇರುವುದು ಅದೇ. ಕೆಂಪು ವೈನ್‌ನಲ್ಲಿ ಲೀಟರಿಗೆ 16 ನ್ಯಾನೊಗ್ರಾಂ ಇದ್ದರೂ ಸಾಕು, ಮೂಗಿಗೆ ತಿಳಿಯುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಪಾಲ್ಗೊಂಡವರಲ್ಲಿ ಸುಮಾರು ಶೇಕಡಾ 20ರಷ್ಟು ಮಂದಿಗೆ ಎಷ್ಟು ಹೆಚ್ಚಿಸಿದರೂ ಅದು ತಿಳಿಯಲಿಲ್ಲ. ಮೇಜಿನ ಸುತ್ತ ಐವರು ಕುಳಿತರೆ ಒಬ್ಬರಿಗೆ ಮೆಣಸೇ ಸಿಗದಿರಬಹುದು, ಅವರು ಅನನುಭವಿಗಳೆಂದು ತಿಳಿಯಬಾರದು. ತಂಪಾದ ಜಾಗ ಮತ್ತು ತಂಪಾದ ವರ್ಷಗಳಲ್ಲಿ ರೊಟುಂಡೋನ್ ಹೆಚ್ಚುವುದರಿಂದ, ಕಣಿವೆಯ ಎತ್ತರದ ತೋಟಗಳ ಸಿರಾದಲ್ಲಿ ಮೆಣಸು ಮುಂದಾಗಿ, ಕಲ್ಲುನೆಲದ್ದರಲ್ಲಿ ಮಾಂಸ ಮುಂದಾಗಿ ಕಂಡರೆ ಅದು ನಂಬಬಹುದಾದ ಚಿತ್ರ. ಅಡಿಗುಡ್ಡಗಳ ಧೂಳುಮಣ್ಣಿನ ಮೇಲಿರುವ ಲೆ ಕೊಲಿನ್ ತೋಟದ ಸಿರಾ ಸಿಕ್ಕರೆ ಈ ಹೋಲಿಕೆಗೆ ಚೆನ್ನಾಗಿ ಒದಗುತ್ತದೆ.

ನಿಮಗೆ ಕಂಡ ವ್ಯತ್ಯಾಸ ನಿಜವೋ ಭ್ರಮೆಯೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಮೂರು ಗ್ಲಾಸುಗಳಲ್ಲಿ ಎರಡಕ್ಕೆ ಒಂದೇ ವೈನ್, ಒಂದಕ್ಕೆ ಬೇರೆಯದು ಸುರಿಸಿ, ಬೇರೆಯದು ಯಾವುದೆಂದು ಹೇಳಲು ಯತ್ನಿಸಿ. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಬಾರಿ ಸರಿಯಾಗುತ್ತದೆ, ಹಾಗಾಗಿ ಒಂದು ಗೆಲುವಿಗೆ ಬೆಲೆಯಿಲ್ಲ. ನಾಲ್ಕು ಬಾರಿಯೂ ಸರಿಯಾದರೆ ಅದು ಬರಿಯ ಅದೃಷ್ಟವಾಗಿರುವ ಸಾಧ್ಯತೆ 81ರಲ್ಲಿ 1. ಬಣ್ಣ ಸುಳಿವು ಕೊಡದಂತೆ ದೀಪ ಮಂದ ಮಾಡಿಕೊಳ್ಳಿ. ಕಲ್ಲುನೆಲದ್ದಕ್ಕೂ ಹೊರಗಿನದಕ್ಕೂ ಈ ಪರೀಕ್ಷೆ ಅನುಭವಿಗಳಿಗೆ ಕಷ್ಟವಾಗದು. ಕಲ್ಲುನೆಲದ ನಿಮ್ಮ ಎರಡು ಬಾಟಲಿಗಳ ನಡುವೆ ಮಾಡಿ ನೋಡಿ, ಕೈಗುಣದ ತೂಕ ಎಷ್ಟೆಂದು ಅಲ್ಲಿ ತಿಳಿಯುತ್ತದೆ.

ಐದನೆಯ ಗ್ಲಾಸಿಗೆ ಜಾಗವಿದ್ದರೆ ಉತ್ತರ ರೋನ್‌ನ ಒಂದು ಸಿರಾವನ್ನು ಸೇರಿಸಿಕೊಳ್ಳಿ. ಇಲ್ಲೊಂದು ವಿನೋದವಿದೆ. ಬರೋನ್ ಅವರಿಗೆ ನೆನಪಾದ ಶಾತೋನ್ಯೂಫ್ ಇರುವುದು ದಕ್ಷಿಣ ರೋನ್‌ನಲ್ಲಿ. ಅಲ್ಲಿಯ ಹೆಸರಾಂತ ಗುಂಡುಕಲ್ಲುಗಳು ತಿಳಿಬಣ್ಣದ ಕ್ವಾರ್ಟ್‌ಜೈಟ್, ಮುಖ್ಯ ದ್ರಾಕ್ಷಿ ಗ್ರೆನಾಶ್. ಆರೆಗಾನ್‌ನ ಕಪ್ಪು ಕಲ್ಲಿನಿಂದ ಬಂದ ವೈನನ್ನು ಮಾತ್ರ ಎಲ್ಲರೂ ಹೋಲಿಸುವುದು ಗುಂಡುಕಲ್ಲಿನ ಹಂಗಿಲ್ಲದ ಉತ್ತರದ ಕಡಿದಾದ ಇಳಿಜಾರುಗಳಿಗೆ, ಗ್ರಾನೈಟ್‌ನ ಕೋರ್ನಾಸ್‌ಗೆ, ಪದರುಶಿಲೆಯ ಕೋಟ್-ರೋಟಿಗೆ. ಕೋಟ್-ರೋಟಿಯಲ್ಲಿ ಶೇಕಡಾ 20ರವರೆಗೆ ವಿಯೋನ್ಯೇ ಸೇರಿಸಲು ನಿಯಮದಲ್ಲೇ ಅವಕಾಶವಿದೆ. ಮೂರು ಕಡೆ ಮೂರು ಶಿಲೆ, ಆದರೂ ಒಂದೇ ಬಗೆಯ ಮಾಂಸ ಮತ್ತು ಆಲಿವ್. ಕಲ್ಲೇ ರುಚಿ ಕೊಡುತ್ತದೆ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ನೋಡಬೇಕು. ಪಕ್ಕದಲ್ಲಿಟ್ಟಾಗ ಬೇರ್ಪಡುವುದು ಬಾಯಲ್ಲಿ. ಕೋರ್ನಾಸ್‌ನ ಹುಳಿ ಮತ್ತು ಒಗರು ನೆಟ್ಟಗೆ ನಿಂತು ನಾಲಿಗೆಯನ್ನು ಹಿಡಿಯುತ್ತವೆ, ರಾಕ್ಸ್‌ನದು ಹಿಡಿಯದೆ ಹರಡಿಕೊಳ್ಳುತ್ತದೆ.

ಚೀಟಿಯ ಮೇಲೆ ಹೆಸರಿಲ್ಲದ ಬಾಟಲಿಯ ಬಗ್ಗೆ: ಮಾರಿದವರು ಸುಳ್ಳು ಹೇಳಿರಬೇಕಾಗಿಲ್ಲ. ಅಮೆರಿಕದ ಒಕ್ಕೂಟ ನಿಯಮದಂತೆ ಮಾನ್ಯತೆ ಪಡೆದ ಪ್ರದೇಶವೊಂದರ ಹೆಸರನ್ನು ಚೀಟಿಯ ಮೇಲೆ ಹಾಕಲು ಕನಿಷ್ಠ ಶೇಕಡಾ 85ರಷ್ಟು ದ್ರಾಕ್ಷಿ ಅಲ್ಲಿಯದಾಗಿರಬೇಕು, ಜೊತೆಗೆ ಆ ಪ್ರದೇಶ ಯಾವ ರಾಜ್ಯದಲ್ಲಿದೆಯೋ ಅದೇ ರಾಜ್ಯದಲ್ಲಿ ವೈನ್ ತಯಾರಿ ಪೂರ್ಣಗೊಂಡಿರಬೇಕು. ರಾಕ್ಸ್ ಡಿಸ್ಟ್ರಿಕ್ಟ್ ಪೂರ್ತಿಯಾಗಿ ಆರೆಗಾನ್‌ನಲ್ಲಿದೆ. ವಾಲಾ ವಾಲಾ ಪಟ್ಟಣ ಮತ್ತು ಅಲ್ಲಿಯ ಬಹುಪಾಲು ವೈನ್ ಮನೆಗಳು ಕೆಲವೇ ಮೈಲಿ ಉತ್ತರಕ್ಕೆ, ವಾಷಿಂಗ್ಟನ್‌ನಲ್ಲಿವೆ. ದ್ರಾಕ್ಷಿ ಗಡಿ ದಾಟಿ ಅಲ್ಲಿ ವೈನಾದರೆ ಈ ನಿಯಮದಡಿ ರಾಕ್ಸ್ ಎಂಬ ಹೆಸರು ಹಾಕುವಂತಿಲ್ಲ. ಎರಡೂ ರಾಜ್ಯಗಳಲ್ಲಿ ಚಾಚಿರುವ "ವಾಲಾ ವಾಲಾ ವ್ಯಾಲಿ" ಎಂಬ ಹೆಸರನ್ನು ಹಾಕಬಹುದು. ಅಂಥ ಚೀಟಿಗಳಲ್ಲಿ ತೋಟದ ಹೆಸರನ್ನು ಹುಡುಕಿ, ಅದೇ ನಿಮಗೆ ದಾರಿ ತೋರಿಸುವುದು. ತೋಟ ಆರೆಗಾನ್ ಬದಿಯಲ್ಲಿದೆ ಎಂದ ಮಾತ್ರಕ್ಕೆ ಕಲ್ಲುನೆಲದ್ದೆಂದು ತಿಳಿಯಬೇಡಿ. ಹೆಸರಾಂತ ಸೆವೆನ್ ಹಿಲ್ಸ್ ತೋಟವೂ ಆರೆಗಾನ್‌ನಲ್ಲೇ ಇದೆ, ಆದರೆ ಅದು ಧೂಳುಮಣ್ಣಿನ ಗುಡ್ಡದ ಮೇಲಿನದು.

ಎಷ್ಟು ವರ್ಷ ಇಡಬಹುದು ಎಂದು ನೀವು ಕೇಳಿಲ್ಲ, ಆದರೂ ಬಾಟಲಿಗಳನ್ನು ಇವತ್ತು ತೆರೆಯಬೇಕೋ ಬೇಡವೋ ಎಂಬುದು ಅದರ ಮೇಲೆ ನಿಂತಿದೆ. ಹುಳಿ ಕಡಿಮೆಯಿರುವ ವೈನ್‌ಗೆ ಕಾಲವನ್ನು ತಡೆದುಕೊಳ್ಳುವ ಒಂದು ಆಸರೆ ಕಡಿಮೆ, ಬ್ರೆಟ್ ಬಾಟಲಿಯೊಳಗೂ ಬೆಳೆಯಬಲ್ಲದು, ಆದ್ದರಿಂದ ಕಲ್ಲುನೆಲದ ಸಿರಾವನ್ನು ನಾನು ಸಾಮಾನ್ಯವಾಗಿ ಐದರಿಂದ ಹನ್ನೆರಡು ವರ್ಷಗಳ ನಡುವೆ ಮುಗಿಸುತ್ತೇನೆ. ಇದಕ್ಕಿಂತ ಹೆಚ್ಚು ಕಾಲ ಸೊಗಸಾಗಿ ಬಾಳಿದ ಬಾಟಲಿಗಳನ್ನೂ ಕುಡಿದಿದ್ದೇನೆ, ಆದರೆ ಪಣ ಕಟ್ಟುವ ಧೈರ್ಯ ನನಗಿಲ್ಲ. ನಿಮ್ಮವು ಎಳೆಯವಾಗಿದ್ದರೆ, ಅಲ್ಲಿ ರುಚಿ ನೋಡಿದ ಆ ಮಾಂಸದ ವಾಸನೆಯ ವೈನನ್ನು ಈ ಸಲವೇ ತೆರೆಯಿರಿ. ಗ್ಲಾಸಿನಲ್ಲಿ ಸ್ವಲ್ಪ ಉಳಿಸಿ ಮೇಲೆ ತಟ್ಟೆ ಮುಚ್ಚಿಡಿ, ಬೆಳಿಗ್ಗೆ ಕಾಫಿಗೆ ಮೊದಲು ಮೂಸಿ ನೋಡಿ. ಹೂವಿನ ಪರಿಮಳ ಇನ್ನೂ ಇದ್ದರೆ ಮೊದಲನೆಯ ಗೆಳೆಯರಿಗೆ ಫೋನ್ ಮಾಡಿ, ಕುದುರೆ ಲಾಯ ಮಾತ್ರ ಉಳಿದಿದ್ದರೆ ಎರಡನೆಯವರಿಗೆ.